ಗುರೆಳ್ಳಿನ ಪುಟಕ್ಕೆ ತಲೆಬರಹ

ನಮ್ಮ ಮೇಲಿನ ಮನೆಗೆ ಗದಗದ ಕಡೆಯ ದಂಪತಿ ಬಾಡಿಗೆಗೆ ಬಂದ ಮೇಲೆ ನಮ್ಮ ಮೆಟ್ಟಿಲಿಗೊಂದು ಹೊಸ ವಾಸನೆ ಸೇರಿಕೊಂಡಿತು. ಬೆಳಿಗ್ಗೆ ನಾನು ಸ್ಕೂಟರ್ ಹೊರಗೆ ತೆಗೆಯುವ ಹೊತ್ತಿಗೆ ಮೇಲೆ ಏನನ್ನೋ ಹುರಿಯುತ್ತಿರುತ್ತಿದ್ದರು. ಒಂದು ದಿನ ಶೇಂಗಾ, ಒಂದು ದಿನ ಅಗಸೆ, ಇನ್ನೊಂದು ದಿನ ನನಗೆ ಗುರುತು ಹತ್ತದ, ಎಣ್ಣೆಣ್ಣೆಯಾದ ಘಾಟು. ಗಂಡ ಪೀಣ್ಯದ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸಕ್ಕೆ ಹೋಗುತ್ತಿದ್ದರು. ಹೆಂಡತಿ ಮನೆಯಲ್ಲೇ ಜೋಳದ ರೊಟ್ಟಿ ತಟ್ಟಿ, ಚಟ್ನಿಪುಡಿ ಕುಟ್ಟಿ ಸುತ್ತಲಿನ ಪಿ.ಜಿ.ಗಳಿಗೆ, ನಾಲ್ಕಾರು ಮನೆಗಳಿಗೆ ಕೊಡುತ್ತಿದ್ದರು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ, ಅವರು ನನ್ನನ್ನು ತಂಗಿ ಎನ್ನುತ್ತಿದ್ದರು.

ಕೆಳಗಿನ ಮನೆಯಲ್ಲಿ ನಾವು ಮೂವರು: ನಾನು, ನನ್ನ ಗಂಡ, ಮಾವ. ಅನ್ನಪೂರ್ಣೇಶ್ವರಿ ನಗರ ಎಂಬ ಹೆಸರು ಬರುವುದಕ್ಕೆ ಮುಂಚೆ ಇಲ್ಲಿ ಇದ್ದ ಹೊಲಗಳಲ್ಲಿ ಒಂದು ತುಂಡು ಮಾವನ ಮನೆತನದ್ದು. ಹೊಲ ಹೋಗಿ ಸೈಟುಗಳಾದವು, ಒಂದು ಸೈಟು ಉಳಿಯಿತು, ಅದರ ಮೇಲೆ ಈ ಮನೆ. ಅತ್ತೆ ತೀರಿಕೊಂಡ ಮೇಲೆ ಮಾವ ಮಾತು ಕಡಿಮೆ ಮಾಡಿದ್ದರು. ಸಕ್ಕರೆ ಕಾಯಿಲೆ ಕಣ್ಣಿಗೂ ಇಳಿದಿತ್ತು. ಮನುಷ್ಯರ ಆಕಾರ, ಬಾಗಿಲು, ಬೆಳಕು ಕಾಣುತ್ತಿತ್ತು, ಅಕ್ಷರ ಕಾಣುತ್ತಿರಲಿಲ್ಲ. ಪೇಪರ್ ಓದದೆ ದಿನ ಕಳೆಯದವರಾಗಿದ್ದರಿಂದ ನನ್ನ ಗಂಡ ಅವರ ಮೊಬೈಲಿಗೆ ಓದಿ ಹೇಳುವ ಸೌಲಭ್ಯ ಹಾಕಿಕೊಟ್ಟಿದ್ದರು. ಪರದೆಯ ಮೇಲೆ ಬೆರಳು ಎಳೆದರೆ ಒಂದು ಹೆಣ್ಣು ದನಿ ಓದುತ್ತದೆ. ಮಾವ ವರಾಂಡದ ಕುರ್ಚಿಯಲ್ಲಿ ಕೂತು, ಮೊಬೈಲನ್ನು ಕಿವಿಗೆ ಹತ್ತಿರ ಹಿಡಿದು, ಬೆಳಗಿನ ಸುದ್ದಿಯನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಮೇಲಿನವರು ಇಳಿದು ಹತ್ತುವಾಗ ಒಂದು ನಮಸ್ಕಾರ, ಮಾವನಿಂದ ಒಂದು "ಹ್ಞೂಂ". ಅಷ್ಟೇ ಬಳಕೆ.

ನನ್ನ ಕೆಲಸ ರಾಜಾಜಿನಗರದ ಒಂದು ಸಣ್ಣ ಆಫೀಸಿನಲ್ಲಿ. ಹಲ್ಲಿನ ಡಾಕ್ಟರು, ಮದುವೆ ಛತ್ರ, ಟ್ಯೂಷನ್ ಸೆಂಟರು, ಇಂಥವರಿಗೆ ವೆಬ್‌ಸೈಟ್ ಮಾಡಿಕೊಡುತ್ತೇವೆ. ಸೇರಿದ ಹೊಸದರಲ್ಲಿ ನಮ್ಮ ಸೀನಿಯರ್ ಮೇಡಂ ನಾನು ಮಾಡಿದ ಒಂದು ಪುಟ ನೋಡಿ ಕೇಳಿದ್ದರು, "ಇದ್ರಲ್ಲಿ ಎಲ್ಲಾನೂ ಹೆಡಿಂಗೇ ಮಾಡಿದ್ದೀಯಲ್ಲ, ಯಾಕೆ?" "ದೊಡ್ಡದಾಗಿ ಕಾಣ್ಲಿ ಅಂತ" ಎಂದೆ. ಅವರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು.

"ದೊಡ್ಡದಾಗಿ ಕಾಣೋದು ಬೇರೆ, ಹೆಡಿಂಗ್ ಆಗೋದು ಬೇರೆ ಕಣೇ. ಅಕ್ಷರ ದೊಡ್ಡದು ಮಾಡೋಕೆ ಬೇರೆ ದಾರಿ ಇದೆ. ಹೆಡಿಂಗ್ ಟ್ಯಾಗ್, ಅಂದ್ರೆ ಇದು ತಲೆಬರಹ ಅನ್ನೋ ಗುರುತು, ಹಾಕಿದ್ರೆ ಈ ಭಾಗ ಇದ್ರ ಬಗ್ಗೆ ಅಂತ ನೀನು ಮಾತು ಕೊಟ್ಟ ಹಾಗೆ."

ಪುಟಕ್ಕೊಂದು ಮುಖ್ಯ ತಲೆಬರಹ. ಅದು ಒಂದನೇ ಹಂತ. ಅದರ ಕೆಳಗೆ ಬರುವ ಭಾಗಗಳಿಗೆ ಎರಡನೇ ಹಂತದ್ದು. ಆ ಭಾಗದೊಳಗೆ ಮತ್ತೆ ತುಂಡುಗಳಿದ್ದರೆ ಮೂರನೆಯದು. ನೆಟ್‌ನಲ್ಲಿ ಹುಡುಕಿಕೊಡುವ ಯಂತ್ರ ಪುಟದ ವಿಷಯವೇನೆಂದು ತಿಳಿಯಲು ಬೇರೆ ಹಲವು ಸಂಗತಿಗಳ ಜೊತೆ ಈ ತಲೆಬರಹಗಳನ್ನೂ ನೋಡುತ್ತದೆ. ನಾನು ಅದನ್ನು ಪಾಠದ ಹಾಗೆ ಕಲಿತೆ. ಕಲಿತ ಮೇಲೆ ಡಾಕ್ಟರುಗಳ ಪುಟಕ್ಕೆಲ್ಲ ಚೆನ್ನಾಗಿಯೇ ಹಾಕುತ್ತಿದ್ದೆ. ಯಾರೂ ದೂರು ಹೇಳಿರಲಿಲ್ಲ.

ಒಂದು ಭಾನುವಾರ ಮೇಲಿನ ಅಕ್ಕ ಒಂದು ತಟ್ಟೆಯಲ್ಲಿ ರೊಟ್ಟಿ ಹಿಡಿದು ಬಂದರು. ರೊಟ್ಟಿಯ ಮೇಲೆ ಶೇಂಗಾ ಚಟ್ನಿ, ಬೆಣ್ಣೆ. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿ ಆಮೇಲೆ ವಿಷಯಕ್ಕೆ ಬಂದರು.

"ತಂಗಿ, ನೀವು ಮಂದಿಗೆಲ್ಲ ನೆಟ್‌ನ್ಯಾಗ ಅಂಗಡಿ ಮಾಡಿ ಕೊಡ್ತೀರಂತಲ್ರಿ. ನನಗೂ ಒಂದ್ ಸಣ್ಣದು ಆಗ್ತೇತೇನು? ನಮ್ ಕಡೆಯವರು ಈ ಊರಾಗ ಭಾಳ ಅದಾರ. ರೊಟ್ಟಿ ಎಲ್ಲಿ ಸಿಗ್ತಾವ ಅಂತ ಹುಡುಕ್ತಾರ. ನಾ ಇಲ್ಲಿ ಅದೀನಿ ಅಂತ ಅವರಿಗೆ ಹೆಂಗ್ ಗೊತ್ತಾಗ್ಬೇಕು?"

ನಾನು ಒಪ್ಪಿಕೊಂಡೆ. ಮುಂದಿನ ಎರಡು ಮೂರು ಭಾನುವಾರ ಲ್ಯಾಪ್‌ಟಾಪ್ ಹಿಡಿದು ಮೇಲೆ ಹೋಗಿ ಅವರ ಅಡುಗೆಮನೆಯ ಬಾಗಿಲಲ್ಲಿ ಕೂತೆ. ಅವರು ಹುರಿಯುತ್ತ ಹೇಳುವುದು, ನಾನು ಟೈಪ್ ಮಾಡುವುದು. ಅವರ ಮಾತಿಗೆ ತುದಿಮೊದಲು ಇರಲಿಲ್ಲ. ಬೆಳ್ಳುಳ್ಳಿ ಎಷ್ಟು ಹಾಕಬೇಕು ಎಂದು ಶುರು ಮಾಡಿದರೆ ತಮ್ಮ ಸ್ವಂತ ಅಕ್ಕನ ಮದುವೆಯಲ್ಲಿ ಬೆಳ್ಳುಳ್ಳಿ ಸಾಲದೆ ಹೋದ ಕಥೆಗೆ ಹೋಗಿ, ಅಲ್ಲಿಂದ ಬಾವನ ಸಿಟ್ಟಿಗೆ ಹೋಗಿ, ಬಾಣಲೆ ಹೊಗೆಯಾಡಿದಾಗ ತಿರುಗಿ ಬರುತ್ತಿದ್ದರು. ನಾನು ನಗುತ್ತ ಕೇಳುತ್ತಿದ್ದೆ. ರೊಟ್ಟಿಗೆ, ಶೇಂಗಾ ಚಟ್ನಿಗೆ, ಅಗಸೆ ಚಟ್ನಿಗೆ ಒಂದೊಂದು ಪುಟ ಎಂದು ಲೆಕ್ಕ ಹಾಕಿದೆ. ಕೊನೆಗೆ ನನಗೆ ಗುರುತು ಹತ್ತದ ಆ ಘಾಟಿನ ಸರದಿ ಬಂತು. ಅವರು ಡಬ್ಬಿ ತೆಗೆದು ಅಂಗೈಗೆ ಸುರಿದರು. ಕಪ್ಪಗೆ, ಸಣ್ಣಗೆ, ಉದ್ದಕ್ಕೆ, ಹೊಳೆಯುವ ಬೀಜ.

"ಇದು ಗುರೆಳ್ಳು" ಎಂದರು.

ನನಗೆ ಹೊಳೆಯಿತು. ನನ್ನ ತವರು ಮಾಗಡಿಯ ಕಡೆ. ಅಲ್ಲಿ ಇದನ್ನು ಹುಚ್ಚೆಳ್ಳು ಎನ್ನುತ್ತೇವೆ, ಬದನೆಕಾಯಿ ಗೊಜ್ಜಿಗೆ ಪುಡಿ ಮಾಡಿ ಹಾಕುತ್ತೇವೆ. ಮನೆಗೆ ಇಳಿದು ಬಂದು ಪುಟ ಮಾಡುವಾಗ ನಾನು ಆಫೀಸಿನ ಬುದ್ಧಿಯನ್ನೇ ಓಡಿಸಿದೆ. ಬೆಂಗಳೂರಿನಲ್ಲಿ ಹುಡುಕುವವರು ಯಾವ ಹೆಸರಿನಿಂದ ಹುಡುಕುತ್ತಾರೋ ಅದು ತಲೆಬರಹದಲ್ಲಿ ಇರಬೇಕು. ಈ ಊರಿನವರಿಗೆ ಹುಚ್ಚೆಳ್ಳು ಗೊತ್ತು. ಆದ್ದರಿಂದ ಒಂದನೇ ಹಂತದ ತಲೆಬರಹ: ಹುಚ್ಚೆಳ್ಳು ಚಟ್ನಿಪುಡಿ. ಗುರೆಳ್ಳು ಎಂಬ ಮಾತನ್ನು ಕೆಳಗೆಲ್ಲೋ ಒಂದು ಸಾಲಿನಲ್ಲಿ ಸೇರಿಸಿದೆ.

ಪುಟ ತೋರಿಸಿದಾಗ ಅಕ್ಕ ಕಣ್ಣು ಕಿರಿದು ಮಾಡಿ ಓದಿದರು.

"ಹುಚ್ಚೆಳ್ಳು ಅಂದ್ರ ಏನ್ರಿ?"

"ಗುರೆಳ್ಳೇ ಅಕ್ಕ. ಇಲ್ಲಿ ಹಾಗಂತಾರೆ."

"ಹುಚ್ಚ ಹಿಡಿಸೂ ಎಳ್ಳು ಅಂತ ತಿಳ್ಕೊಂಡಾರು ಮಂದಿ." ನಕ್ಕರು. ಆದರೆ ಮತ್ತೊಮ್ಮೆ ಪರದೆ ನೋಡಿದಾಗ ನಗು ಉಳಿದಿರಲಿಲ್ಲ. "ನಮ್ಮವ್ವ ಮಾಡೂ ಚಟ್ನಿ ಇದು. ಹೆಸರು ನೋಡಿದ್ರ ಯಾರದೋ ಮನಿದು ಅನ್ನಿಸ್ತೈತಿ."

"ಜನ ಹಂಗೇ ಹುಡುಕ್ತಾರೆ ಅಕ್ಕ."

"ಹೌದೇನ್ರಿ. ನಿಮಗ ಗೊತ್ತಿರ್ತೇತಿ. ನೀವ್ ಹೆಂಗ್ ಅಂತೀರಿ ಹಂಗ ಇರಲಿ ಬಿಡ್ರಿ."

ಅವರು ಜಗಳ ಆಡಿದ್ದರೆ ನನಗೆ ಸುಲಭವಾಗುತ್ತಿತ್ತು. ಆಮೇಲೂ ಮೆಟ್ಟಿಲಲ್ಲಿ ಸಿಕ್ಕಾಗ ಊಟ ಆತೇನ್ರಿ ಎಂದು ಕೇಳುತ್ತಿದ್ದರು, ವೆಬ್‌ಸೈಟಿನ ಮಾತು ಮಾತ್ರ ಎತ್ತುತ್ತಿರಲಿಲ್ಲ. ಸೈಟು ನೆಟ್‌ಗೆ ಏರಿತು. ವಾರಗಳು ಹೋದವು. ಪಿ.ಜಿ.ಗಳ ಹಳೇ ಗಿರಾಕಿಗಳು, ಅವರ ಬಾಯಿಂದ ಕೇಳಿ ಫೋನ್ ಮಾಡುವವರು ಬಿಟ್ಟರೆ ಸೈಟು ನೋಡಿ ಹೊಸಬರು ಯಾರೂ ಬರಲಿಲ್ಲ. ಹೊಸ ಸೈಟಿಗೆ ಸ್ವಲ್ಪ ಕಾಲ ಹಿಡಿಯುತ್ತದೆಂದು ನನಗೇ ಗೊತ್ತಿತ್ತು. ಆದರೂ ಮೇಲಿನಿಂದ ಕುಟ್ಟಾಣಿಯ ಸದ್ದು ಕೇಳಿದಾಗಲೆಲ್ಲ ಕಸಿವಿಸಿಯಾಗುತ್ತಿತ್ತು. ಏನಾದರೂ ಮಾಡಬೇಕೆಂಬ ಅವಸರದಲ್ಲಿ, ಬೇರೆಯವರು ಮಾಡಿದರೆ ನಾನೇ ಬೇಡ ಎನ್ನುವ ಕೆಲಸವನ್ನು ಮಾಡಿದೆ. ಪ್ರತಿ ತಲೆಬರಹಕ್ಕೂ ಬಡಾವಣೆಗಳ ಹೆಸರುಗಳನ್ನು ತುಂಬಿದೆ. ಹುಚ್ಚೆಳ್ಳು ಚಟ್ನಿಪುಡಿ ವಿಜಯನಗರ. ಹುಚ್ಚೆಳ್ಳು ಚಟ್ನಿಪುಡಿ ಬಸವೇಶ್ವರನಗರ. ಹುಚ್ಚೆಳ್ಳು ಚಟ್ನಿಪುಡಿ ಗೋವಿಂದರಾಜನಗರ. ಎಲ್ಲ ಹುಡುಕಾಟಕ್ಕೂ ಸಿಗಲಿ ಎಂದು.

ಅದೇ ವಾರದ ಒಂದು ಸಂಜೆ ಆಫೀಸಿನಿಂದ ಬಂದಾಗ ಮಾವ ವರಾಂಡದಲ್ಲಿದ್ದರು. ನನ್ನ ಗಂಡ ಅವರ ಮೊಬೈಲಿನಲ್ಲಿ ಆ ಸೈಟು ತೆರೆದುಕೊಟ್ಟು ಅಂಗಡಿಗೆ ಹೋಗಿದ್ದರಂತೆ.

"ಏನ್ ಮಗ ಇದು," ಎಂದರು ಮಾವ, "ಮ್ಯಾಲಿನವರ ಪೇಜಂತೆ. ಸಿಟಿ ಬಸ್ ಕಂಡಕ್ಟರ್ ಸ್ಟಾಪ್ ಕೂಗ್ದಂಗೆ ಕೂಗ್ತದಲ್ಲ."

ನಾನು ಬ್ಯಾಗ್ ಇಳಿಸದೆ ಅಲ್ಲೇ ನಿಂತು ಕೇಳಿದೆ. ಅವರು ಪೂರ್ತಿ ಓದಿಸುತ್ತಿರಲಿಲ್ಲ. ಪೇಪರಿನವರ ಪುಟಗಳಲ್ಲಿ ಮಾಡುವ ಹಾಗೆಯೇ ಬೆರಳನ್ನು ಕೆಳಕ್ಕೆ ಎಳೆಯುತ್ತ ಒಂದು ತಲೆಬರಹದಿಂದ ಮುಂದಿನ ತಲೆಬರಹಕ್ಕೆ ಜಿಗಿಯುತ್ತಿದ್ದರು. ಕಣ್ಣಿದ್ದವರು ಪುಟದ ಮೇಲೆ ನೋಟ ಹಾಯಿಸಿದ ಹಾಗೆ ಅದು. ಮೊಬೈಲಿನ ಹೆಣ್ಣು ದನಿ ಒಂದೇ ರಾಗದಲ್ಲಿ ಹೇಳುತ್ತ ಹೋಯಿತು: ಹುಚ್ಚೆಳ್ಳು ಚಟ್ನಿಪುಡಿ ವಿಜಯನಗರ, ತಲೆಬರಹ ಎರಡು. ಹುಚ್ಚೆಳ್ಳು ಚಟ್ನಿಪುಡಿ ಬಸವೇಶ್ವರನಗರ, ತಲೆಬರಹ ಎರಡು. ನನ್ನ ಕಿವಿ ಬಿಸಿಯಾಯಿತು. ಇಷ್ಟು ವರ್ಷ ತಲೆಬರಹ ಹಾಕಿದವಳು ನಾನು, ಒಂದನ್ನಾದರೂ ಕಿವಿಯಿಂದ ಕೇಳಿರಲಿಲ್ಲ.

"ಅದಿರ್ಲಿ," ಎಂದರು ಮಾವ ಮೊಬೈಲು ಕೆಳಗಿಟ್ಟು, "ಅವರು ಹುಚ್ಚೆಳ್ಳು ಮಾಡ್ತಾರಾ?"

"ಹೂಂ ಮಾವ. ಅವ್ರು ಗುರೆಳ್ಳು ಅಂತಾರೆ."

"ಬೆಳಿಗ್ಗೆ ಹೊತ್ತು ವಾಸನೆ ಬರೋದು. ನಂಗೆ ಅನ್ನಿಸ್ತಿತ್ತು. ಈ ಊರ್ನಾಗೆ ಈಗ್ಯಾರು ಹುಚ್ಚೆಳ್ಳು ಹುರೀತಾರೆ, ನನ್ ಭ್ರಮೆ ಅಂದ್ಕೊಂಡು ಸುಮ್ನಾಗ್ತಿದ್ದೆ." ಮುಖವನ್ನು ಮೆಟ್ಟಿಲ ಕಡೆ ತಿರುಗಿಸಿ, "ಒಂದ್ ಹಿಡಿ ಕೇಳಿ ಇಸ್ಕೊಂಬಾ. ಪುಡಿ ಅಲ್ಲ, ಕಾಳು."

ನಾನು ಮೇಲೆ ಹೋಗಿ ಹೇಳಿದೆ. ಅಕ್ಕ ಒಂದು ತಟ್ಟೆಯಲ್ಲಿ ಕಾಳು ಹಾಕಿಕೊಂಡು, ಸೆರಗು ಸರಿ ಮಾಡಿಕೊಂಡು, ತಾವೇ ಇಳಿದು ಬಂದರು. ಮಾವ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕಾಳನ್ನು ಬೆರಳಲ್ಲಿ ಆಡಿಸಿದರು. ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಹಲ್ಲಿಲ್ಲದ ವಸಡಲ್ಲೇ ನಿಧಾನವಾಗಿ ಅಗಿದರು.

"ಹುಚ್ಚೆಳ್ಳೇ ಕಣಮ್ಮ."

"ಗುರೆಳ್ಳು ರೀ ಅಜ್ಜಾರ."

"ನೀನೇನಾರ ಅನ್ನು. ಇದು ನಮ್ ಹೊಲದಾಗೆ ಇತ್ತು." ಮಾವ ಕೈಯನ್ನು ಬೀದಿಯ ಕಡೆ ಚಾಚಿದರು. "ರಾಗಿ ಹೊಲದಾಗೆ ಅಕ್ಕಡಿ ಸಾಲು ಅಂತ ಬಿಡ್ತಿದ್ವಿ. ಇಷ್ಟು ಸಾಲು ರಾಗಿ ಆದ್ಮೇಲೆ ಒಂದ್ ಸಾಲು ಅವರೆ, ಜೋಳ, ಹುಚ್ಚೆಳ್ಳು. ದಸರಾ ಕಳೀತಿದ್ದಂಗೆ ಹೂ ಬಿಡೋದು. ಹಳದಿ ಅಂದ್ರೆ ಹಳದಿ. ಈ ಕಡೆಯಿಂದ ಆ ವಾಟರ್ ಟ್ಯಾಂಕ್ ತನಕ."

ಅಕ್ಕ ನಿಂತವರು ಅಲ್ಲೇ ಮೆಟ್ಟಿಲ ಮೇಲೆ ಕೂತರು. "ನಮ್ಮಲ್ಲೂ ಹೊಲದ ಅಂಚಿಗೆ ಹಾಕ್ತಾರ್ರಿ. ಎಳ್ಳ ಅಮಾಸಿ ದಿನ ಚರಗ ಚೆಲ್ಲಾಕ ಹೊಲಕ್ಕ ಹೋಗ್ತೀವಲ್ರಿ, ಬುತ್ತಿ ಕಟ್ಕೊಂಡು. ಸಜ್ಜಿ ರೊಟ್ಟಿ, ಪುಂಡಿಪಲ್ಯ, ಗುರೆಳ್ಳ ಚಟ್ನಿ. ಭೂಮಿತಾಯಿಗೆ ಕೊಟ್ಟು ಆಮ್ಯಾಲ ನಾವು ಉಣ್ಣೂದು. ಗುರೆಳ್ಳ ಚಟ್ನಿ ಇರಲಿಲ್ಲಂದ್ರ ನಮ್ಮವ್ವಗ ಬುತ್ತಿ ಕಟ್ಟಿದಂಗ ಅನಿಸೂದಿಲ್ಲ."

"ಹುಚ್ಚೆಳ್ಳು ಅಂತ ಯಾಕಂತೀರಿ ಅಜ್ಜಾರ?" ಎಂದೂ ಕೇಳಿದರು.

ಮಾವ ಯೋಚಿಸಿದರು. "ನಮ್ಮಪ್ಪ ಹಂಗಂದ, ನಾನೂ ಹಂಗಂದೆ. ಎಲ್ ಬಿದ್ರೂ ಬೆಳೀತದೆ, ಅದ್ಕೇ ಇರ್ಬೈದು. ನೀವ್ಯಾಕೆ ಗುರೆಳ್ಳು ಅಂತೀರಿ?"

"ನನಗೂ ಗೊತ್ತಿಲ್ರಿ" ಎಂದರು ಅಕ್ಕ. ಇಬ್ಬರೂ ನಕ್ಕರು. ಮಾವ ಹಾಗೆ ನಕ್ಕಿದ್ದನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ. ಅಂದು ಕತ್ತಲಾಗಿ ವರಾಂಡದ ದೀಪ ಹಾಕುವವರೆಗೂ ಇಬ್ಬರೂ ಹೊಲದ ಮಾತೇ ಆಡಿದರು. ನಾನು ಒಳಗೆ ಅನ್ನಕ್ಕಿಟ್ಟು ಬಾಗಿಲಿಗೆ ಬಂದು ಬಂದು ಕೇಳಿಸಿಕೊಂಡೆ.

ಮರುದಿನ ಆಫೀಸಿನಲ್ಲಿ ಊಟದ ಹೊತ್ತಿಗೆ ಮೇಡಂಗೆ ಎಲ್ಲ ಹೇಳಿದೆ. ಬಡಾವಣೆಗಳ ಹೆಸರು ತುಂಬಿದ್ದನ್ನು ಕೇಳಿ ಅವರು ಡಬ್ಬಿಯ ಮುಚ್ಚಳ ತೆಗೆಯುತ್ತ, "ಅದನ್ನ ಇವತ್ತೇ ತೆಗಿ" ಎಂದರು. ಹೆಸರಿನ ತಕರಾರಿಗೆ ಬಂದಾಗ ಒಂದು ತುತ್ತು ತಿಂದು ಕೇಳಿದರು, "ಅವರಿಗೆ ಫೋನ್ ಮಾಡೋರು ಮೊದಲು ಏನು ಕೇಳ್ತಾರೆ?"

ಅದು ನನಗೆ ಗೊತ್ತಿರಲಿಲ್ಲ. ಸಂಜೆ ಅಕ್ಕನನ್ನೇ ಕೇಳಿದೆ. ಅವರು ಬೆರಳು ಮಡಿಸಲೂ ಇಲ್ಲ, ಯೋಚಿಸಲೂ ಇಲ್ಲ. "ಗುರೆಳ್ಳು ಅಂದ್ರ ಯಾವುದು, ಕರಿ ಎಳ್ಳೇನು ಅಂತಾರ. ಎಷ್ಟ್ ದಿನ ಇರ್ತೈತಿ ಅಂತಾರ. ಖಾರ ಭಾಳ ಇರ್ತೈತೇನು, ಹುಡುಗ್ರು ತಿಂತಾರೇನು ಅಂತಾರ. ಕೆಂಗೇರಿಗೆ ಕಳಸ್ತೀರೇನು ಅಂತಾರ. ಮತ್ತೇನ್ ಕೇಳ್ತಾರ?"

ಪುಟದ ಭಾಗಗಳೆಲ್ಲ ಅಲ್ಲೇ ಇದ್ದವು. ಈ ಸಲ ನಾನು ಲ್ಯಾಪ್‌ಟಾಪನ್ನು ವರಾಂಡಕ್ಕೇ ತಂದೆ. ಹಳೆಯದನ್ನೆಲ್ಲ ಅಳಿಸಿ, ಮೊದಲು ತಲೆಬರಹಗಳನ್ನಷ್ಟೇ ಬರೆದೆವು. ಒಂದನೇ ಹಂತದ್ದು ಅವರ ಮಾತೇ: ಗುರೆಳ್ಳು ಚಟ್ನಿಪುಡಿ. ಅದರ ಕೆಳಗೆ ಎರಡನೇ ಹಂತದ ಮೊದಲನೆಯದು ಒಂದು ಪ್ರಶ್ನೆ: ಗುರೆಳ್ಳು ಅಂದರೆ ಹುಚ್ಚೆಳ್ಳೇ? ಆ ಭಾಗದಲ್ಲಿ ಹೌದು, ಬೆಂಗಳೂರು, ಮಾಗಡಿ, ತುಮಕೂರಿನ ಕಡೆಯವರು ಹುಚ್ಚೆಳ್ಳು ಎನ್ನುವುದನ್ನೇ ನಾವು ಗುರೆಳ್ಳು ಎನ್ನುತ್ತೇವೆ, ಇದು ಕರಿ ಎಳ್ಳಲ್ಲ ಎಂದು ನಾಲ್ಕು ಸಾಲು. ಮಾವನ ಅಕ್ಕಡಿ ಸಾಲು, ಅಕ್ಕನ ಎಳ್ಳ ಅಮಾವಾಸ್ಯೆ ಎರಡಕ್ಕೂ ಅಲ್ಲಿ ಜಾಗ ಸಿಕ್ಕಿತು. ಮುಂದೆ, ನಾವು ಮಾಡುವ ರೀತಿ. ಅದರೊಳಗೆ ಮೂರನೇ ಹಂತದಲ್ಲಿ ಹುರಿಯುವುದು, ಕುಟ್ಟುವುದು. ಆಮೇಲೆ ಖಾರ ಎಷ್ಟಿರುತ್ತದೆ, ಎಷ್ಟು ದಿನ ಇಡಬಹುದು, ಎಲ್ಲೆಲ್ಲಿಗೆ ಕಳಿಸುತ್ತೇವೆ. ಬಡಾವಣೆಗಳ ಹೆಸರು ಆ ಕೊನೆಯ ಭಾಗದಲ್ಲಿ ಒಂದೇ ಒಂದು ಸಲ ಬಂತು.

ಅಕ್ಕ ಪರದೆ ನೋಡಿ, "ಗುರೆಳ್ಳು ಮ್ಯಾಲ ಬಂತಲ್ರಿ" ಎಂದರು. ಮೇಲೆ ಹೋಗಿ ನನಗೆ ಚಹಾ ತಂದುಕೊಟ್ಟರು.

ಪುಟವನ್ನು ಏರಿಸಿ ಮಾವನ ಕೈಗೆ ಮೊಬೈಲು ಕೊಟ್ಟೆ. ಅವರು ಬೆರಳು ಎಳೆಯುತ್ತ ಹೋದರು. ದನಿ ಪ್ರತಿ ತಲೆಬರಹದ ಜೊತೆಗೆ ಅದರ ಹಂತವನ್ನೂ ಹೇಳುತ್ತಿತ್ತು. ಹುರಿಯುವುದು ಎಂಬಲ್ಲಿಗೆ ಬಂದಾಗ ಮಾವ ನಿಲ್ಲಿಸಿದರು.

"ಎರಡು ಆದ್ಮೇಲೆ ನಾಕು ಅಂತದಲ್ಲ. ಮೂರು ಎಲ್ಲೋಯ್ತು? ನಾನೇನಾರ ದಾಟಿಸ್ಬಿಟ್ನಾ?"

ಅವರು ದಾಟಿಸಿರಲಿಲ್ಲ. ಮೂರನೇ ಹಂತದ ಅಕ್ಷರ ಸ್ವಲ್ಪ ದಪ್ಪವಾಗಿ ಕಾಣುತ್ತದೆಂದು ನಾನು ಕೈ ಅಭ್ಯಾಸದಲ್ಲಿ ನಾಲ್ಕನೆಯದನ್ನು ಹಾಕಿಬಿಟ್ಟಿದ್ದೆ. ನೋಡುವವರಿಗೆ ಅದು ತಿಳಿಯುವುದೇ ಇಲ್ಲ. ಕೇಳುವವರಿಗೆ ನಡುವೆ ಏನೋ ತಪ್ಪಿಹೋಯಿತು ಎನ್ನಿಸುತ್ತದೆ, ಅವರು ಹಿಂದಕ್ಕೆ ಹೋಗಿ ಹುಡುಕುತ್ತಾರೆ. ಮಾವ ಹಾಗೆ ಎರಡು ಸಲ ಹಿಂದಕ್ಕೆ ಹೋಗಿ ಬಂದಿದ್ದರು. ನಾನು ಅದನ್ನು ಮೂರನೆಯದಕ್ಕೆ ಬದಲಿಸಿ, ಅಕ್ಷರದ ಗಾತ್ರವನ್ನು ಬೇರೆ ಕಡೆ ಸರಿಪಡಿಸಿದೆ.

"ಈಗ ನೋಡಿ ಮಾವ."

ಅವರು ಮೇಲಿನಿಂದ ಕೆಳಗಿನವರೆಗೆ ಮತ್ತೊಮ್ಮೆ ಜಿಗಿದರು. "ಈಗ ಸರಿ. ಒಳಗೆ ಏನೈತೆ ಅಂತ ಹೊರಗೆ ನಿಂತೇ ಗೊತ್ತಾಯ್ತದೆ."

ಅಂದಿನಿಂದ ಆಫೀಸಿನ ಪುಟಗಳನ್ನೂ ಕಳಿಸುವ ಮೊದಲು ನಾನು ಕಿವಿಗೆ ತಂತಿ ಸಿಕ್ಕಿಸಿಕೊಂಡು ತಲೆಬರಹಗಳನ್ನಷ್ಟೇ ಕೇಳುತ್ತೇನೆ. ಮೊದಲ ದಿನವೇ ಒಬ್ಬ ಕಣ್ಣಿನ ಡಾಕ್ಟರ ಪುಟದಲ್ಲಿ "ನಮ್ಮನ್ನೇ ಏಕೆ ಆರಿಸಬೇಕು" ಎಂಬುದು ಒಂದನೇ ಹಂತದಲ್ಲಿತ್ತು, ಕಣ್ಣು ಎಂಬ ಪದ ಯಾವ ತಲೆಬರಹದಲ್ಲೂ ಇರಲಿಲ್ಲ. ಅದನ್ನು ಮಾಡಿದ್ದೂ ನಾನೇ. ಮೇಡಂಗೆ ತೋರಿಸಿದೆ, ಇಬ್ಬರೂ ಕೂತು ತಿದ್ದಿದೆವು.

ಹುಡುಕಾಟದಲ್ಲಿ ಅಕ್ಕನ ಪುಟ ಒಂದೇ ಸಲಕ್ಕೆ ಮೇಲೇರಲಿಲ್ಲ. ದೊಡ್ಡ ಅಂಗಡಿಗಳ ಸೈಟುಗಳು ಇವತ್ತಿಗೂ ಅದಕ್ಕಿಂತ ಮುಂದೆ ಕಾಣುತ್ತವೆ. ಆದರೆ ಮಳೆಗಾಲ ಮುಗಿಯುವ ಹೊತ್ತಿಗೆ ಸೈಟು ನೋಡಿದವರಿಂದ ಆಗೊಂದು ಈಗೊಂದು ಫೋನು ಬರತೊಡಗಿತು. ಒಂದು ಮಧ್ಯಾಹ್ನ ನಾನು ಅಲ್ಲೇ ಇದ್ದಾಗ ಗೋವಿಂದರಾಜನಗರದಿಂದ ಒಬ್ಬ ಹೆಂಗಸು ಮಾಡಿದರು. ಅಕ್ಕನ ಕೈ ಹಿಟ್ಟಾಗಿತ್ತು, ಸ್ಪೀಕರ್ ಹಾಕಿ ಎಂದರು.

"ನಮ್ಮಜ್ಜಿ ಹುಚ್ಚೆಳ್ಳು ಪುಡಿ ಮಾಡ್ತಿದ್ರು," ಎಂದಿತು ಆ ದನಿ, "ಅವರು ಹೋದ್ಮೇಲೆ ಯಾರೂ ಮಾಡ್ಲಿಲ್ಲ. ಹುಚ್ಚೆಳ್ಳು ಅಂತ ಹುಡುಕ್ತಿದ್ದೆ, ನಿಮ್ದು ಬಂತು. ಗುರೆಳ್ಳು ಅಂದ್ರೆ ಹುಚ್ಚೆಳ್ಳೇನಾ ಅಂತ ನೀವೇ ಕೇಳಿದ್ದೀರಲ್ಲ, ಅದನ್ನ ನೋಡಿ ಫೋನ್ ಮಾಡ್ದೆ. ಅದೇ ಅಲ್ವಾ?"

ಅಕ್ಕ ಒಂದು ಕ್ಷಣ ನನ್ನ ಮುಖ ನೋಡಿದರು. "ಅದೇ ರೀ," ಎಂದರು, "ಹುಚ್ಚೆಳ್ಳೇ."

ಆ ಹೆಂಗಸು ಈಗಲೂ ತರಿಸುತ್ತಾರೆ. ಅವರಿಗೆ ಹಾಕುವ ಪೊಟ್ಟಣದ ಮೇಲೆ ಅಕ್ಕ ಎರಡೂ ಹೆಸರು ಬರೆಯುತ್ತಾರೆ.

ಉಳಿದ ಪುಟಗಳನ್ನೂ ಅದೇ ರೀತಿ ತಿದ್ದಬೇಕಿತ್ತು. ದೀಪಾವಳಿ ರಜೆಯಲ್ಲಿ ರೊಟ್ಟಿಯದನ್ನು ಹಿಡಿದೆವು. ಈಗ ವರಾಂಡವೇ ನಮ್ಮ ಆಫೀಸು. ಅಕ್ಕ ಮೆಟ್ಟಿಲ ಮೇಲೆ, ನಾನು ನೆಲದ ಮೇಲೆ, ಮಾವ ಕುರ್ಚಿಯಲ್ಲಿ. ಅಕ್ಕ ಈಗ ಬಾವನ ಸಿಟ್ಟಿಗೆ ಹೋಗುವ ಮೊದಲೇ ತಾವೇ ತಡೆದುಕೊಂಡು, "ಮಂದಿ ಮೊದಲ ಏನ್ ಕೇಳ್ತಾರ, ಅದನ್ನ ಬರೀರಿ" ಎನ್ನುತ್ತಾರೆ. ನನಗೆ ಆ ಕಥೆಗಳು ಬೇಕು, ಅವನ್ನು ಚಹಾ ಕುಡಿಯುವಾಗ ಕೇಳುತ್ತೇನೆ. ಖಡಕ್ ರೊಟ್ಟಿ ಎಂದರೇನು, ಎಷ್ಟು ದಿನ ಇರುತ್ತದೆ, ಯಾವುದರ ಜೊತೆ ತಿನ್ನಬೇಕು ಎಂದು ಸಾಲಾಗಿ ಬಂದವು. ಇನ್ನೇನು ಮುಗಿಯಿತು ಎನ್ನುವಾಗ ಮಾವ ಕೆಮ್ಮಿದರು.

"ಹಲ್ಲಿಲ್ದೋರು ಹೆಂಗ್ ತಿನ್ನೋದು ಅಂತ ಹಾಕಿದ್ದೀರಾ?"

"ಅದನ್ಯಾರ್ ಕೇಳ್ತಾರ್ರಿ ಅಜ್ಜಾರ?"

"ನಾನ್ ಕೇಳ್ತಾ ಇದೀನಲ್ಲಮ್ಮ."

ನಾನು ಅದನ್ನು ಎರಡನೇ ಹಂತದಲ್ಲಿ ಸೇರಿಸಿದೆ: ಹಲ್ಲಿಲ್ಲದವರು ತಿನ್ನುವುದು ಹೇಗೆ? ಕೆಳಗೇನು ಬರೆಯಲಿ ಎಂದು ಅಕ್ಕನ ಮುಖ ನೋಡಿದೆ. ಅವರು ಮೇಲೆ ಹೋಗಿ ಒಂದು ಖಡಕ್ ರೊಟ್ಟಿ ತಂದು, ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಮಾವನ ಪಕ್ಕದಲ್ಲಿಟ್ಟರು.

"ಸ್ವಲ್ಪ ಹೊತ್ತು ತಡೀರಿ. ಮೆತ್ತಗಾಗ್ತೈತಿ. ಆಮ್ಯಾಲ ಬಿಸಿ ಹಾಲಿನ್ಯಾಗ ಮುರ್ಕೊಂಡು ತಿನ್ರಿ. ತಿಂದು ಹೇಳ್ರಿ, ಹೆಂಗೈತಿ ಅಂತ. ತಂಗಿ ಅದನ್ನ ಬರೀತಾರ."

ಮಾವ ಬಟ್ಟೆಯ ಮೇಲೆ ಕೈಯಿಟ್ಟುಕೊಂಡು ಕಾಯುತ್ತ ಕೂತರು. ನಾನು ಹಾಲು ಬಿಸಿ ಮಾಡಲು ಒಳಗೆ ಹೋದೆ.